ಗುಬ್ಬಿಗೆ ಝೀರೋ ಟಿಕೆಟ್

ಗುರುವಾರ

ಬೆಳಗಿನ ಆರೂವರೆಗೆ ಬನಹಟ್ಟಿ ಬಸ್ ನಿಲ್ದಾಣದಲ್ಲಿ ನಾವು ಏಳು ಜನ ನಿಂತಿದ್ದೆವು. ಐದು ಮಕ್ಕಳು, ಪಿ.ಟಿ. ಸರ್, ನಾನು. ಕಾಲ ಬಳಿ ಎರಡು ಟ್ರಂಕು, ಒಂದು ಕಪ್ಪು ಛತ್ರಿ, ಹಳೆ ಸೀರೆಯಲ್ಲಿ ಸುತ್ತಿದ ಒಂದು ರಟ್ಟಿನ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಕೆಳಗಿಡಲು ಯಾರೂ ತಯಾರಿರಲಿಲ್ಲ, ಪಾಳಿಯ ಮೇಲೆ ಎತ್ತಿಕೊಂಡೇ ನಿಂತಿದ್ದರು. ಒಳಗೆ ನಮ್ಮ ರೋಬೋಟ್ ಇತ್ತು.

ಮಕ್ಕಳ ನಿಜವಾದ ಹೆಸರು ಇಲ್ಲಿ ಬೇಡ. ಲ್ಯಾಬಿನಲ್ಲಿ ತಮ್ಮತಮ್ಮಲ್ಲೇ ಇಟ್ಟುಕೊಂಡ ಅಡ್ಡಹೆಸರುಗಳಿವೆ, ಅವೇ ಸಾಕು. ಜಕಾರ್ಡಳ ಮನೆಯಲ್ಲಿ ಎರಡು ಪಾವರ್‌ಲೂಮ್ ಮಗ್ಗ ಇವೆ. ಸ್ಕ್ರೂನ ಅಪ್ಪನದು ಟ್ರ್ಯಾಕ್ಟರ್ ಗ್ಯಾರೇಜು. ಲೆಕ್ಕ ಎಂಬಾಕೆ ಅಂಗಡಿಯವನು ಕೊಟ್ಟ ಚಿಲ್ಲರೆಯನ್ನೂ ಎರಡು ಸಲ ಎಣಿಸುತ್ತಾಳೆ. ಗದ್ದಲನ ಬಗ್ಗೆ ಹೇಳುವುದೇ ಬೇಡ. ಐದನೆಯವನು ಮೌನಿ. ಎಂಟನೇ ತರಗತಿ, ಎಲ್ಲರಿಗಿಂತ ಸಣ್ಣವನು. ಛತ್ರಿ ಅವನ ಜವಾಬ್ದಾರಿ.

ನಮ್ಮದು ಸರಕಾರಿ ಹೈಸ್ಕೂಲು. ನೀತಿ ಆಯೋಗದವರು 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ನಮಗೂ ಒಂದು ಕೋಣೆ ತುಂಬ ಸಾಮಾನು ಬಂತು. ತುಂಡು ಜೋಡಿಸಿ ರೋಬೋಟ್ ಕಟ್ಟುವ ಲೆಗೋ ಕಿಟ್ ಮಾತ್ರ ಹಳೆ ವಿದ್ಯಾರ್ಥಿಗಳು ಕೂಡಿ ಕೊಡಿಸಿದ್ದು. ಬೆಳಗಾವಿಯಲ್ಲಿ ಫಸ್ಟ್ ಲೆಗೋ ಲೀಗ್ ಎಂಬ ಮಕ್ಕಳ ರೋಬೋಟ್ ಆಟದ ನಿಯಮ ಇಟ್ಟುಕೊಂಡು ಒಂದು ಪ್ರಾದೇಶಿಕ ಸ್ಪರ್ಧೆ ನಡೆಯುತ್ತದೆ ಎಂದು ಗೊತ್ತಾದಾಗ, ಹೋಗೋಣ ಎಂದವಳು ನಾನೇ. ಹೆಡ್‌ಮಾಸ್ತರರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಗೆಲ್ಲೂದು ಬ್ಯಾಡ್ರಿ, ಎಲ್ಲಾರನೂ ಎಣಿಸಿ ಕರ್ಕೊಂಡು ಬರ್ರಿ ಸಾಕು" ಎಂದು ಸಹಿ ಹಾಕಿಕೊಟ್ಟರು.

ಬಸ್ ಹತ್ತಿದ ಮೇಲೆ ಕಂಡಕ್ಟರ್ ಬಂದರು. ನನಗೆ, ಜಕಾರ್ಡ್‌ಗೆ, ಲೆಕ್ಕಳಿಗೆ ಶಕ್ತಿ ಯೋಜನೆಯ ಝೀರೋ ಟಿಕೆಟ್. ಪಿ.ಟಿ. ಸರ್‌ಗೂ ಹುಡುಗರಿಗೂ ರೊಕ್ಕದ ಟಿಕೆಟ್. ಆಮೇಲೆ ಅವರ ಕಣ್ಣು ತೊಡೆಯ ಮೇಲಿದ್ದ ಪೆಟ್ಟಿಗೆಯ ಮೇಲೆ ಬಿತ್ತು.

"ಏನೈತ್ವಾ ಇದರಾಗ?"

"ರೋಬೋಟ್ ರೀ ಕಾಕಾ."

"ನಡೀತೈತೇನು?"

"ತಾನ ನಡೀತೈತ್ರಿ."

"ತಾನ ನಡ್ಯಾವರಿಗೆಲ್ಲಾ ಟಿಕೆಟ್ ಐತಿ ಈ ಬಸ್ಸಿನ್ಯಾಗ. ಗಂಡೋ ಹೆಣ್ಣೋ ಹೇಳ್ರಿ, ಗಂಡಾದ್ರ ರೊಕ್ಕ ತಗೀರಿ."

ಐದೂ ಜನ ಒಂದೇ ದನಿಯಲ್ಲಿ "ಹೆಣ್ಣರೀ!" ಎಂದು ಕೂಗಿದರು. ಹೆಸರೇನು ಎಂದು ಕೇಳಿದಾಗ ಸ್ಕ್ರೂ ತಡಬಡಿಸಿ "ಗುಬ್ಬಿ" ಎಂದ. ಮೂರು ತಿಂಗಳಿಂದ 'ಅದು' ಆಗಿದ್ದ ಯಂತ್ರ ಮಹಾಲಿಂಗಪುರ ದಾಟುವಷ್ಟರಲ್ಲಿ 'ಅಕಿ' ಆಗಿತ್ತು.

ಡಿಸೆಂಬರ್ ಅಂದರೆ ನಮ್ಮ ಕಡೆ ಕಬ್ಬು ನುರಿಸುವ ಕಾಲ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್. ಹೆದ್ದಾರಿಯೇ ಎತ್ತಿನ ಗಾಡಿಯ ವೇಗಕ್ಕೆ ಇಳಿದಿರುತ್ತದೆ. ಟನ್ನಿಗೆ 3500 ರೂಪಾಯಿ ಕೊಡಿ ಎಂದು ಹೋದ ತಿಂಗಳು ರೈತರು ರಸ್ತೆಗೆ ಕೂತಿದ್ದ ಗುರ್ಲಾಪುರ ಕ್ರಾಸ್ ಬಂದಾಗ ಗದ್ದಲ ಎದ್ದು ನಿಂತ. ಆ ಗುಂಪಿನಲ್ಲಿ ಅವನ ಅಜ್ಜನೂ ಇದ್ದರಂತೆ. ಅಂದು ಹಂಚಿದ ಚಿತ್ರಾನ್ನದ ರುಚಿಯಿಂದ ಹಿಡಿದು ಎಲ್ಲ ವರದಿ ಒಪ್ಪಿಸಿಯೇ ಕೂತ. ಗೋಕಾಕ ಬರುವ ತನಕ ಅವನ ಬಾಯಿ ಮುಚ್ಚಲಿಲ್ಲ.

ಬೆಳಗಾವಿ ಮುಟ್ಟಿದಾಗ ಮಧ್ಯಾಹ್ನ. ವಿಧಾನಮಂಡಲದ ಚಳಿಗಾಲದ ಅಧಿವೇಶನ ನಡೆದಿತ್ತು. ಅದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. ನಿಲ್ದಾಣದ ಸುತ್ತಲಿನ ಲಾಡ್ಜುಗಳಲ್ಲಿ ಒಂದು ರೂಮೂ ಖಾಲಿ ಇಲ್ಲ. ಒಂದು ಕಡೆ ಫೋನಿನಲ್ಲಿ ಒಪ್ಪಿಕೊಂಡಿದ್ದವರು ಎದುರಿಗೆ ಹೋದಾಗ "ಪೊಲೀಸ್ರು ಬಂದಾರಿ ಮೇಡಂ, ಪೂರಾ ಬಿಲ್ಡಿಂಗ ಅವರದ" ಎಂದು ಕೈ ಎತ್ತಿಬಿಟ್ಟರು. ಕೊನೆಗೆ ಪಿ.ಟಿ. ಸರ್ ತಮ್ಮ ಕಬಡ್ಡಿ ದೋಸ್ತರಿಗೆ ಫೋನ್ ಮಾಡಿ ಒಂದು ಪ್ರಸಾದ ನಿಲಯದಲ್ಲಿ ಎರಡು ಕೋಣೆ ಕೊಡಿಸಿದರು. ರಾತ್ರಿ ಊಟದ ಸಾಲಿನಲ್ಲಿ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ನಮ್ಮ ಮಕ್ಕಳಿಗೆ ಬೇರೆ ಊರಿಗೆ ಬಂದೆವು ಅನ್ನಿಸಲೇ ಇಲ್ಲ. ಚಳಿ ಮಾತ್ರ ಬೇರೆ ಇತ್ತು. ಇಲ್ಲಿಯ ಗಾಳಿಯಲ್ಲೇ ಒಂದು ತೇವ ಇದೆ.

ಶುಕ್ರವಾರ

ನೋಂದಣಿ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಕೋಟೆಗೆ ಹೋದೆವು. ಒಳಗೆ ಕಮಲ ಬಸದಿ ಇದೆ. 1204ರಲ್ಲಿ ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ನಡುವೆ ನಿಂತು ಕತ್ತೆತ್ತಿದರೆ ಛಾವಣಿಯಿಂದ ಕಲ್ಲಿನ ಕಮಲ ಕೆಳಗೆ ಇಳಿದಿರುತ್ತದೆ. ಅದಕ್ಕೆ 72 ದಳ. ಹಿಂದೆ ಆದ, ಈಗಿನ, ಮುಂದೆ ಆಗುವ ತೀರ್ಥಂಕರರು ತಲಾ ಇಪ್ಪತ್ನಾಲ್ಕು. ಲೆಕ್ಕ ನೆಲದ ಮೇಲೆ ಅಂಗಾತ ಮಲಗಿಯೇ ಎಣಿಸಿದಳು. ಮೊದಲ ಸಲ 70 ಬಂತು, ಮತ್ತೆ ಎಣಿಸಿದಳು. ಅಲ್ಲಿದ್ದ ಕಾವಲುಗಾರರು ನಕ್ಕು ಸುಮ್ಮನಾದರು.

ಮೌನಿ ಕಮಲದ ಕಡೆ ನೋಡಲೇ ಇಲ್ಲ. ಒಂದು ಕಂಬದ ಹತ್ತಿರ ಕೂತು ಮೊಬೈಲಿನ ಟಾರ್ಚನ್ನು ಕಲ್ಲಿಗೆ ಅಂಟಿಸಿದ ಹಾಗೆ ಓರೆಯಾಗಿ ಹಿಡಿದಿದ್ದ. ಅದಕ್ಕೊಂದು ಕಾರಣವಿದೆ, ನಾಳೆಯ ಪುಟದಲ್ಲಿ ಹೇಳುತ್ತೇನೆ.

ಸ್ಪರ್ಧೆ ಇದ್ದದ್ದು ಊರ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಹೆದ್ದಾರಿಯಲ್ಲಿ ಹೋಗುವಾಗ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಕಂಡಿತು. ಅದರ ದಾರಿಯಲ್ಲಿ ಪ್ರತಿಭಟನೆಯ ಪೆಂಡಾಲುಗಳು, ಮೈಕಿನ ಮೇಲೆ ಮೈಕು. "ಅವರದೂ ಕಾಂಪಿಟೇಶನ್ ಏನ್ರಿ ಮೇಡಂ?" ಎಂದ ಗದ್ದಲ. ಪಿ.ಟಿ. ಸರ್ "ಹೌದಲೇ, ಅಲ್ಲಿ ರಿಮೋಟ್ ನಡೀತೈತಿ" ಎಂದರು. ಇಡೀ ಬಸ್ಸು ನಕ್ಕಿತು.

ನಗಲು ಕಾರಣ ತಿಳಿಯಬೇಕಾದರೆ ಆಟದ ನಿಯಮ ಗೊತ್ತಿರಬೇಕು. ಈ ಆಟದಲ್ಲಿ ರಿಮೋಟ್ ಇಲ್ಲ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಟೇಬಲ್ ಮೇಲೆ ಚಿತ್ರ ಬಿಡಿಸಿದ ಹಾಸು ಇರುತ್ತದೆ, ಅದರ ಮೇಲೆ ಲೆಗೋದಲ್ಲಿ ಕಟ್ಟಿದ ಹದಿನೈದು ಕೆಲಸಗಳು. ಎರಡೂವರೆ ನಿಮಿಷ ಸಮಯ. ರೋಬೋಟ್‌ಗೆ ಮೊದಲೇ ಪ್ರೋಗ್ರಾಂ ತುಂಬಿಟ್ಟಿರಬೇಕು. ಗುಂಡಿ ಒತ್ತಿ ಬಿಟ್ಟ ಮೇಲೆ ಅದು ತಾನೇ ಹೋಗಬೇಕು, ತಾನೇ ಬರಬೇಕು. ದಾರಿಯಲ್ಲಿ ಸಿಕ್ಕಿಕೊಂಡರೆ ಕೈ ಹಾಕಿ ಎತ್ತಿಕೊಳ್ಳಬಹುದು, ಆದರೆ ಒಂದೊಂದು ಸಲ ಎತ್ತಿದಾಗಲೂ ಒಂದೊಂದು ಬಿಲ್ಲೆ ಹೋಗುತ್ತದೆ. ಆರು ಬಿಲ್ಲೆ ಇದ್ದರೆ 50 ಅಂಕ, ಐದಿದ್ದರೂ 50. ಅಲ್ಲಿಂದ ಕೆಳಗೆ 35, 25, 15, 10. ಮೊದಲ ತಪ್ಪಿಗೆ ಮಾಫಿ, ಆಮೇಲಿನದಕ್ಕೆ ದಂಡ. ಈ ಲೆಕ್ಕ ಇಟ್ಟವರು ಎಲ್ಲೋ ಮಕ್ಕಳಿಗೆ ಪಾಠ ಹೇಳಿದವರೇ ಇರಬೇಕು ಎಂದು ನನಗೆ ಮೊದಲಿನಿಂದ ಅನಿಸಿದೆ.

ಟೇಬಲಿನ ಒಂದೊಂದು ಬದಿಗೆ ಒಂದು ಸಲಕ್ಕೆ ಇಬ್ಬರೇ ಮಕ್ಕಳು. ದೊಡ್ಡವರು ಕೈ ಹಾಕುವ ಹಾಗಿಲ್ಲ. ಪಿ.ಟಿ. ಸರ್‌ಗೆ ಇದನ್ನು ಒಪ್ಪಿಸಲು ನನಗೆ ಒಂದು ವಾರ ಹಿಡಿದಿತ್ತು. ಗೆರೆಯ ಹೊರಗೆ ನಿಂತು ಬಾಯಿ ಮುಚ್ಚಿಕೊಂಡಿರುವ ಕೋಚ್ ಎಂಬುದು ಅವರ ಕಲ್ಪನೆಗೇ ಮೀರಿದ್ದು.

ಈ ವರ್ಷದ, ಅಂದರೆ 2025-26ರ, ವಿಷಯ ಪುರಾತತ್ವ. ಕುಂಚದಿಂದ ಮಣ್ಣು ಸರಿಸಬೇಕು, ಬಿದ್ದ ಪ್ರತಿಮೆ ಎತ್ತಿ ನಿಲ್ಲಿಸಬೇಕು, ಮುಳುಗಿದ ಹಡಗಿನ ಮೇಲಿನ ಮರಳು ತೆಗೆಯಬೇಕು. ಬಾದಾಮಿ, ಐಹೊಳೆ, ಪಟ್ಟದಕಲ್ಲು ಇರುವ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಇನ್ನೆಲ್ಲಿ ಸಿಕ್ಕೀತು? ಗದ್ದಲ ಅದನ್ನು ನಮ್ಮ ಮನೆಯ ಮದುವೆ ಎಂಬಂತೆ ಕಂಡವರಿಗೆಲ್ಲ ಹೇಳುತ್ತ ಹೊರಟ.

ಸಂಜೆ ನಾಲ್ಕಕ್ಕೆ ಅಭ್ಯಾಸದ ಪಾಳಿ ಬಂತು. ಹತ್ತೇ ನಿಮಿಷ. ಜಕಾರ್ಡ್ ಗುಬ್ಬಿಯನ್ನು ಮನೆ-ಗೆರೆಯೊಳಗೆ ಇಟ್ಟಳು, ಗುಂಡಿ ಒತ್ತಿದಳು. ಶಾಲೆಯಲ್ಲಿ ಕಣ್ಣು ಮುಚ್ಚಿ ಬಿಟ್ಟರೂ ಹಳಿಯ ಮೇಲೆ ಓಡಿದಂತೆ ಹೋಗುತ್ತಿದ್ದ ಗುಬ್ಬಿ ಇಲ್ಲಿ ಮೂರು ಅಡಿ ಹೋಗುವಷ್ಟರಲ್ಲಿ ಬಲಕ್ಕೆ ವಾಲಿ, ಪ್ರತಿಮೆಗೆ ಹೋಗಿ ಮುಖ ಹೊಡೆದಳು. ಎರಡನೇ ಸಲವೂ ಅದೇ ಪ್ರತಿಮೆ. ಮೂರನೇ ಸಲ ಪ್ರತಿಮೆಯನ್ನೇ ಕೆಡವಿ, ಅದರ ಮೇಲೆ ಹತ್ತಿ ನಿಂತು ಚಕ್ರ ತಿರುಗಿಸತೊಡಗಿದಳು. ಪಕ್ಕದ ಟೇಬಲಿನ ಮಕ್ಕಳು ನಕ್ಕರು. ಕೆಟ್ಟ ನಗೆ ಅಲ್ಲ ಅದು, ನಾನಾದರೂ ನಗುತ್ತಿದ್ದೆ. ಆದರೂ ಜಕಾರ್ಡ್‌ಳ ಕಿವಿ ಕೆಂಪಾಗಿತ್ತು.

"ಬ್ಯಾಟರಿ ಇಳದೈತಿ" ಎಂದ ಸ್ಕ್ರೂ. ನೋಡಿದರೆ ಪೂರಾ ಚಾರ್ಜ್. "ಚಕ್ರಕ್ಕ ಕೂದಲ ಸುತ್ತೈತಿ" ಎಂದು ತೆಗೆದು ಒರೆಸಿದ. ಅದೂ ಅಲ್ಲ. ಲೆಕ್ಕ ಕಾಗದದ ಮೇಲೆ ಗೀಚಿ ಹೇಳಿದಳು: ಚಕ್ರದ ವ್ಯಾಸ 56 ಮಿಲಿಮೀಟರ್, ಒಂದು ಸುತ್ತಿಗೆ ಹದಿನೇಳೂವರೆ ಸೆಂಟಿಮೀಟರಿಗೂ ಚೂರು ಹೆಚ್ಚು. ಹೊರಡುವಾಗ ಒಂದೇ ಒಂದು ಡಿಗ್ರಿ ತಿರುವಿದ್ದರೆ ಎರಡು ಮೀಟರ್ ಹೋಗುವಷ್ಟರಲ್ಲಿ ಮೂರೂವರೆ ಸೆಂಟಿಮೀಟರ್ ಆಚೆ. ನಮ್ಮ ಗುಬ್ಬಿ ಒಂದು ಗೇಣಿನಷ್ಟು ತಪ್ಪುತ್ತಿದ್ದಾಳೆ. ಇದು ಕೈ ನಡುಗಿ ಇಟ್ಟದ್ದಲ್ಲ, ಬೇರೇನೋ ಇದೆ.

ಹತ್ತು ನಿಮಿಷ ಮುಗಿಯಿತು. ಇನ್ನೊಂದು ಪಾಳಿ ಕೇಳಲು ಹೋದರೆ ಮೇಜಿನ ಆಚೆಯವರು ತಲೆ ಎತ್ತದೆ "ನೋ" ಎಂದರು. ಅಷ್ಟೊಂದು ಚಿಕ್ಕ ಶಬ್ದಕ್ಕೆ ಆ ಭಾಷೆಯನ್ನೇ ಬಳಸಬೇಕಿತ್ತೇ ಎಂದು ನನಗೆ ಸಿಟ್ಟು ಬಂತು. ಮಕ್ಕಳ ಮುಂದೆ ತೋರಿಸಲಿಲ್ಲ.

ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಜಕಾರ್ಡ್ ನನ್ನ ಫೋನು ಇಸಿದುಕೊಂಡು ಅಪ್ಪನಿಗೆ ಹಚ್ಚಿದಳು. ಹಿಂದೆ ಮಗ್ಗದ ಟಕಟಕ ಕೇಳುತ್ತಿತ್ತು. ರಾತ್ರಿ ಪಾಳಿ ನಡೆದಿರಬೇಕು. ಅವರು ಮಗ್ಗ ನಿಲ್ಲಿಸಿ ಮಾತಾಡಿದರು. ಫೋನು ಸ್ಪೀಕರಿನಲ್ಲಿತ್ತು.

"ಯಾಕವಾ, ದನಿ ಯಾಕ ಹಂಗೈತಿ?"

"ಅಪ್ಪಾ, ಗುಬ್ಬಿ ವಾರಿ ಹೊಂಟಾಳ. ಸಾಲ್ಯಾಗ ನೆಟ್ಟಗ ಹೊಕ್ಕಿದ್ಲು. ಪ್ರೋಗ್ರಾಂ ಅದ ಐತಿ, ಒಂದ ಅಕ್ಷರಾನೂ ಬದಲ ಮಾಡಿಲ್ಲ."

"ರಟ್ಟು ಅದ ಐತಿ, ಸೀರಿ ಬ್ಯಾರೆ ಬರಾಕತ್ತೈತಿ ಅಂತಿ."

"ಹೂಂ."

"ಹಂಗಾದ್ರ ರಟ್ಟಿನ್ಯಾಗ ಯಾಕ ಹುಡಕ್ತಿ? ಮಗ್ಗ ಹೊಸಾ ಜಾಗಾಕ ಒಯ್ದು ಕೂಡಿಸಿದಾಗ ನಾವು ಮೊದಲ ಏನ್ ನೋಡ್ತೀವಿ?"

ಜಕಾರ್ಡ್ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ರಸಮಟ್ಟ."

"ಅಲ್ಲಿ ಟೇಬಲ್ ವಾರಿ ಐತೇನು ನೋಡು. ಇಲ್ಲಂದ್ರ ನಿಮ್ಮ ಸಾಲೀದ ವಾರಿ ಐತಿ."

ಅವರು ಹೇಳಿದ ರಟ್ಟು ಯಾವುದು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಜಕಾರ್ಡ್ ಮಗ್ಗದಲ್ಲಿ ಸೀರೆಯ ದಡಿ, ಸೆರಗಿನ ಚಿತ್ತಾರ ಎಲ್ಲ ತೂತು ಕೊರೆದ ರಟ್ಟಿನ ಪಟ್ಟಿಗಳಲ್ಲಿರುತ್ತದೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಲಾಳಿ ಒಂದು ಸಲ ಹಾಯುವುದಕ್ಕೆ ಒಂದು ಪಟ್ಟಿ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ಮಾಡಿದ ಏರ್ಪಾಟು ಇದು. ಮುಂದೆ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಎಣಿಕೆಯ ಯಂತ್ರಕ್ಕೆ ಇದೇ ರಟ್ಟನ್ನು ಎರವಲು ತೆಗೆದುಕೊಳ್ಳಲು ಹೊರಟ. ಎಂಟನೇ ತರಗತಿಯಲ್ಲಿ ಈ ಹುಡುಗಿಗೆ ಪ್ರೋಗ್ರಾಂ ಅಂದರೇನು ಎಂದು ನಾನು ವಿವರಿಸಲು ಹೋದಾಗ, "ಗೊತ್ತೈತ್ರಿ ಮೇಡಂ, ನಮ್ಮನ್ಯಾಗ ಅಟ್ಟದ ಮ್ಯಾಲ ಕಟ್ಟ ಕಟ್ಟಿ ಇಟ್ಟೀವಿ" ಎಂದಿದ್ದಳು. ಅಡ್ಡಹೆಸರು ಬಂದದ್ದು ಅಂದೇ.

ಅಪ್ಪನ ಮಾತು ಕೇಳಿದ್ದೇ ಎಲ್ಲರ ಬಾಯಿಗೂ ಒಟ್ಟಿಗೆ ಬಂದದ್ದು ಒಂದೇ ಸಂಗತಿ: ನಮ್ಮ ಲ್ಯಾಬಿನ ನೆಲ. ಅದು ಹಳೆಯ ಕೋಣೆ, ಫರಸಿ ಹಾಸಿದ್ದು. ತೊಳೆದ ನೀರು ತಾನೇ ಹೊರಗೆ ಹರಿಯಲಿ ಎಂದು ಬಾಗಿಲ ಕಡೆಗೆ ಇಳಿಜಾರು ಬಿಟ್ಟಿದ್ದಾರೆ. ಬಡಿಗ್ಯಾರ ಕಾಕಾ ಮಾಡಿಕೊಟ್ಟ ಟೇಬಲ್ ಎಂಟು ಕಾಲೂ ಒಂದೇ ಅಳತೆಯದು. ನೆಲ ಎತ್ತ ವಾಲಿದೆಯೋ ಟೇಬಲೂ ಅತ್ತಲೇ. ಗುಬ್ಬಿ ದಿನಾ ಎಡಕ್ಕೆ ಜಾರುತ್ತಿದ್ದಳು. ಮಕ್ಕಳು ದಿನಾ ಎಡ ಮೋಟರಿಗೆ ಚೂರು ಚೂರೇ ಜೋರು ಕೊಟ್ಟು ಸರಿ ಮಾಡುತ್ತ ಬಂದಿದ್ದರು. ಮೂರು ತಿಂಗಳು ಅವರು ಬರೆದದ್ದು ರೋಬೋಟಿನ ಪ್ರೋಗ್ರಾಂ ಅಲ್ಲ, ನಮ್ಮ ಕೋಣೆಯ ನೆಲದ ನಕಾಶೆ. ಮಟ್ಟವಾದ ಟೇಬಲ್ ಸಿಕ್ಕ ಕೂಡಲೇ ಆ ತಿದ್ದುಪಡಿಯೇ ತಪ್ಪಾಯಿತು. ಅಳತೆ ಕಲಿಸುವ ಮೇಡಂ ನಾನು. ಒಂದು ದಿನವೂ ಆ ಟೇಬಲ್ ಮೇಲೆ ರಸಮಟ್ಟ ಇಟ್ಟು ನೋಡಿರಲಿಲ್ಲ.

ಈಗ ಮಟ್ಟವಾದ ಜಾಗ ಹುಡುಕಬೇಕು. ಪ್ರಸಾದ ನಿಲಯದ ಊಟದ ಕೋಣೆ ಖಾಲಿ ಇತ್ತು. ಫೋನಿನಲ್ಲೂ ಮಟ್ಟ ನೋಡುವ ವ್ಯವಸ್ಥೆ ಇರುತ್ತದೆ ಎಂದು ನಾನು ತೆರೆಯುತ್ತಿದ್ದೆ. ಅಷ್ಟರಲ್ಲಿ ಸ್ಕ್ರೂ ಅಡುಗೆಮನೆಯಿಂದ ಒಂದು ಸ್ಟೀಲಿನ ತಾಟು ತಂದು, ತುಸು ನೀರು ಹಾಕಿ ನೆಲದ ಮೇಲಿಟ್ಟ. ನೀರು ಒಂದು ಅಂಚಿಗೆ ಓಡಿತು. ಮುಂದಕ್ಕೆ ಸರಿಸಿದ. ಮತ್ತೊಂದು ಅಂಚಿಗೆ ಓಡಿತು. ನಾಲ್ಕನೆಯ ಕಡೆ ನೀರು ತಾಟಿನ ತುಂಬ ಸಮನಾಗಿ ನಿಂತಿತು. "ಇಲ್ಲಿ."

ಆ ರಾತ್ರಿ ಎಡ ಮೋಟರಿನ ಹೆಚ್ಚುವರಿಯನ್ನೆಲ್ಲ ತೆಗೆದುಹಾಕಿದರು. ಗುಬ್ಬಿಯ ಮಿದುಳಿನ ಡಬ್ಬಿಯಲ್ಲೇ ತಿರುವು ಅಳೆಯುವ ಜೈರೋ ಇದೆ. ಶಾಲೆಯಲ್ಲಿ ಅದು ಬೇಕೇ ಆಗಿರಲಿಲ್ಲ, ಈಗ ಅದಕ್ಕೆ ಕೆಲಸ ಹಚ್ಚಿದರು. ಹೊರಟ ದಿಕ್ಕಿನಿಂದ ಎಷ್ಟು ವಾಲಿದೆ ನೋಡು, ಅಷ್ಟನ್ನು ಹಿಂದಕ್ಕೆ ತಿರುಗಿಸು. ಇನ್ನೊಂದು ಉಪಾಯ ಲೆಕ್ಕಳದು. ದೂರದ ಕೆಲಸಕ್ಕೆ ಹೋಗುವ ಮುಂಚೆ ಗುಬ್ಬಿ ಬೆನ್ನನ್ನು ಟೇಬಲಿನ ಗೋಡೆಗೆ ಒಂದು ಸಲ ಒರಗಿಸಿಕೊಳ್ಳಲಿ. ಎರಡೂ ಚಕ್ರ ಗೋಡೆಗೆ ಒತ್ತಿದವೆಂದರೆ ಮೈ ನೆಟ್ಟಗಾದಂತೆಯೇ, ಅಲ್ಲಿಂದ ಎಣಿಕೆ ಹೊಸದಾಗಿ ಶುರು. ಗೋಡೆಗೆ ಏನು ಮಾಡುವುದು ಎಂದರೆ ರೊಟ್ಟಿ ಬಡಿಯುವ ಕಟ್ಟಿಗೆಯ ಹಲಗೆ ಅಡ್ಡ ಇಟ್ಟರು. ಅಡುಗೆಯ ಅಜ್ಜಿ ಹನ್ನೊಂದಕ್ಕೆ ಬಂದು ನೋಡಿದರು. ತಾಟು, ಹಲಗೆ, ನೆಲದ ಮೇಲೆ ಮಲಗಿದ ಐದು ಮಕ್ಕಳು. ಏನೂ ಕೇಳದೆ ಚಹಾ ಮಾಡಿಕೊಟ್ಟು ಹೋದರು.

ಶನಿವಾರ

ಮೊದಲ ಸುತ್ತು ಬೆಳಿಗ್ಗೆ ಒಂಬತ್ತೂವರೆಗೆ. ಒಟ್ಟು ಮೂರು ಸುತ್ತು ಆಡಬೇಕು, ಹೆಚ್ಚು ಬಂದದ್ದೇ ಲೆಕ್ಕಕ್ಕೆ. ಟೇಬಲಿಗೆ ಸ್ಕ್ರೂ, ಜಕಾರ್ಡ್. ಗುಬ್ಬಿ ನೆಟ್ಟಗೆ ಹೋದಳು! ನಾನು ಪಿ.ಟಿ. ಸರ್ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆನಂತೆ, ಆಮೇಲೆ ಅವರೇ ಹೇಳಿದರು. ಕುಂಚದ ಕೆಲಸ ಆಯಿತು. ಆದರೆ ರಾತ್ರಿಯ ರೊಟ್ಟಿ ಹಲಗೆಗಿಂತ ಟೇಬಲಿನ ಗೋಡೆ ಎತ್ತರ. ಗುಬ್ಬಿಯ ಹಿಂದಿನ ಕೊಂಡಿ ಅದಕ್ಕೆ ತಾಗಿ ಸಿಕ್ಕಿಕೊಂಡಿತು. ನಾಲ್ಕು ಸಲ ಕೈ ಹಾಕಿದರು. ನಾಲ್ಕು ಬಿಲ್ಲೆ ಹೋದವು. ಒಟ್ಟು 75.

ಸ್ಕ್ರೂ ಕೊಂಡಿ ಕಿತ್ತು ಮೇಲಕ್ಕೆ ಜೋಡಿಸುವಾಗ ಒಂದು ಪಿನ್ನು ಕಳೆಯಿತು. ಚೆಲ್ಲಿದ ಸಾಸಿವೆ ಹುಡುಕಿದ ಹಾಗೆ ಎಲ್ಲರೂ ನೆಲ ತಡಕಿದರು. ಪಕ್ಕದ ತಂಡ ಬೆಳಗಾವಿಯದೇ, ಮನೆಮಾತು ಮರಾಠಿ. ಅಲ್ಲಿಂದ ಎರಡು ಜಡೆಯ ಒಬ್ಬ ಹುಡುಗಿ ಬಂದು "ಕಾಯ್ ಝಾಲಂ?" ಎಂದಳು. ಗದ್ದಲನಿಗೆ ಮರಾಠಿ ಬರುವುದಿಲ್ಲ. ಎರಡು ಬೆರಳು ಎತ್ತಿ, ನಡುವೆ ಏನೋ ಇಲ್ಲ ಎಂಬಂತೆ ತೋರಿಸಿದ. ಆಕೆ ಓಡಿಹೋಗಿ ಒಂದು ಮುಷ್ಟಿ ಪಿನ್ನು ತಂದು ಅವನ ಅಂಗೈಗೆ ಸುರಿದಳು. "ಘೇ. ತಗೋ." ಈ ಊರಲ್ಲಿ ಎರಡೂ ಭಾಷೆ ಒಂದೇ ಉಸಿರಿನಲ್ಲಿ ಬರುತ್ತವೆ. ಜಗಳ ಬೋರ್ಡುಗಳ ಮೇಲೆ ಇರುತ್ತದೆ, ಪಿನ್ನಿನ ಡಬ್ಬಿಯಲ್ಲಿ ನನಗೆ ಕಾಣಲಿಲ್ಲ.

ಹನ್ನೊಂದಕ್ಕೆ ತೀರ್ಪುಗಾರರ ಕೋಣೆ. ಆಟದ ಅಂಕ ಒಂದು ಪಾಲು ಮಾತ್ರ. ರೋಬೋಟ್ ಹೇಗೆ ಕಟ್ಟಿದಿರಿ, ಒಂದು ತಂಡವಾಗಿ ಹೇಗೆ ನಡೆದುಕೊಂಡಿರಿ, ವಿಷಯಕ್ಕೆ ತಕ್ಕ ಯಾವ ಸಮಸ್ಯೆಗೆ ಉತ್ತರ ಹುಡುಕಿದಿರಿ ಎಂಬುದಕ್ಕೂ ಅಷ್ಟಷ್ಟೇ ಪಾಲು. ಛತ್ರಿ ಬಂದದ್ದು ಆ ಸಮಸ್ಯೆಗಾಗಿ.

ನಮ್ಮ ಮೌನಿಯ ಸೋದರಮಾವನ ಊರಲ್ಲಿ ಕಾಲುವೆ ದಂಡೆಗೆ ಒಂದು ವೀರಗಲ್ಲು ಬಿದ್ದಿದೆ. ತಲೆತಲಾಂತರದಿಂದ ಹೆಂಗಸರು ಅದರ ಮೇಲೆ ಬಟ್ಟೆ ಒಗೆದು ಅಕ್ಷರ ಸವೆದಿವೆ. ಹಗಲು ಎದುರಿಗೆ ನಿಂತು ನೋಡಿದರೆ ಏನೂ ಇಲ್ಲ, ಬೋಳು ಕಲ್ಲು. ಒಂದು ಸಂಜೆ ಹೊತ್ತು ಮುಳುಗುವಾಗ ಬಿಸಿಲು ಓರೆಯಾಗಿ ಬಿದ್ದು, ಇವನಿಗೆ ಅಲ್ಲಿ ಗೆರೆ ಕಂಡವು. ಬೆಳಕು ಕಲ್ಲಿನ ಮೈ ಸವರಿಕೊಂಡು ಬಂದರೆ ಕೂದಲೆಳೆಯಷ್ಟು ತಗ್ಗಿಗೂ ನೆರಳು ಬೀಳುತ್ತದೆ. ಶಾಸನ ಓದುವವರು ಹಿಂದಿನಿಂದ ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಕಲ್ಲು ಮೆತ್ತಗಾಗಿ ಉದುರುತ್ತಿದ್ದರೆ ಹಾಗೆ ಬಡಿಯುವುದು ಕಷ್ಟ. 2001ರಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಇನ್ನೊಂದು ದಾರಿ ಕಂಡುಹಿಡಿದರು. ಕ್ಯಾಮೆರಾ ಅಲುಗಿಸದೆ, ಬೆಳಕನ್ನು ಮಾತ್ರ ಸುತ್ತಲೂ ಜಾಗ ಬದಲಿಸುತ್ತ ಹತ್ತಾರು ಫೋಟೋ ತೆಗೆಯುವುದು, ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲ ಕೂಡಿಸಿ, ಬೇಕಾದ ಕಡೆಯಿಂದ ಬೆಳಕು ಬಿಟ್ಟ ಹಾಗೆ ನೋಡುವುದು. ನಮ್ಮ ಮಕ್ಕಳು ಅದನ್ನು ಒಂದು ಕಪ್ಪು ಛತ್ರಿಯಲ್ಲಿ ಮಾಡಿದ್ದರು. ಒಳಗಿನ ಕಡ್ಡಿಗಳಿಗೆ ಸಣ್ಣ ಎಲ್‌ಇಡಿಗಳು, ನಡುವಿನ ತೂತಿನಲ್ಲಿ ಮೊಬೈಲು. ದೀಪಗಳು ಒಂದೊಂದಾಗಿ ಹತ್ತಿ ಆರುತ್ತವೆ.

ಒಳಗೆ ಮೂವರು ತೀರ್ಪುಗಾರರು. ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ ಬಂತು. ಭಾಷಣವನ್ನೆಲ್ಲ ಬಾಯಿಪಾಠ ಮಾಡಿದ್ದ ಗದ್ದಲ ಬಾಯಿ ತೆರೆದ, ಹಾಗೇ ನಿಂತ. ಅವನು ಮಾತಿಲ್ಲದೆ ನಿಂತದ್ದನ್ನು ಮೂರು ವರ್ಷದಲ್ಲಿ ನಾನು ಕಂಡಿರಲಿಲ್ಲ. ಕೋಚು ಮಾತಾಡುವ ಹಾಗಿಲ್ಲ. ನನ್ನ ಹಲ್ಲು ಕಚ್ಚಿ ನೋಯುತ್ತಿತ್ತು. ನಡುವೆ ಕೂತ ಹಿರಿಯರು ಪೆನ್ನು ಕೆಳಗಿಟ್ಟು, "ತಮ್ಮಾ, ಮನ್ಯಾಗ ಹೆಂಗ ಮಾತಾಡ್ತಿ ಹಂಗ ಹೇಳೋ" ಎಂದರು.

ಗದ್ದಲನಿಗೆ ಇನ್ನೂ ದನಿ ಬರಲಿಲ್ಲ. ಆಗ ಮೌನಿ ಎದ್ದ. ಹೋಗಿ ಕೋಣೆಯ ದೀಪ ಆರಿಸಿದ. ಕಿಟಕಿಯ ಪರದೆ ಎಳೆದ. ಆ ಕಲ್ಲಿನ ಒಂದು ಭಾಗದಿಂದ ತೆಗೆದ ಪ್ಲಾಸ್ಟರ್ ಅಚ್ಚನ್ನು ಮೇಜಿನ ಮೇಲಿಟ್ಟು ಟಾರ್ಚನ್ನು ನೇರ ಮೇಲಿಂದ ಬಿಟ್ಟ. "ಇಲ್ಲಿ ಏನರ ಕಾಣತೈತೇನ್ರಿ ಸರ್?" ಇಲ್ಲ ಎಂದರು. ಟಾರ್ಚನ್ನು ಇಳಿಸುತ್ತ ಇಳಿಸುತ್ತ ಮೇಜಿಗೆ ತಾಗಿಸಿದ. ಬಿಳಿಯ ಅಚ್ಚಿನ ಮೇಲೆ ಸಣ್ಣಗೆ ಬಳ್ಳಿಯಂಥ ಗೆರೆಗಳು ಎದ್ದವು. ಮೂವರೂ ಮುಂದಕ್ಕೆ ಬಾಗಿದರು.

"ಏನ್ ಬರದೈತಿ?"

"ಸ್ವಸ್ತಿ ಅಂತ ಐತ್ರಿ. ಮುಂದಿಂದು ಇನ್ನ ಓದಾಕ ಆಗಿಲ್ರಿ."

ಕನ್ನಡದ ಶಾಸನಗಳಲ್ಲಿ ಎಷ್ಟೋ ಶುರುವಾಗುವುದೇ ಆ ಪದದಿಂದ. ಹಾಗಾಗಿ ಅವನಿಗೆ ಅದನ್ನು ಗುರುತಿಸುವುದು ಸುಲಭವಾಗಿತ್ತು. ಹಾಗೆಂದು ಹೇಳಿಯೂ ಹೇಳಿದ, ಮುಚ್ಚಿಡಲಿಲ್ಲ. ಆಮೇಲೆ ಛತ್ರಿ ಬಿಚ್ಚಿದರು, ಗದ್ದಲನಿಗೆ ಬಾಯಿ ಬಂತು, ಸಮಯ ಮುಗಿದರೂ ನಿಲ್ಲಲಿಲ್ಲ.

ಎರಡನೇ ಸುತ್ತಿನಲ್ಲಿ 130. ಬರೆಯುವಂಥದೇನೂ ಆಗಲಿಲ್ಲ.

ಮೂರನೆಯದು ಸಂಜೆ ನಾಲ್ಕಕ್ಕೆ. ಗುಬ್ಬಿ ಹೊರಟಳು, ಗೋಡೆಗೆ ಬೆನ್ನು ಒತ್ತಿದಳು, ಒಂದು ಕ್ಷಣ ನಿಂತಳು. ನಮ್ಮ ಅತ್ತೆ ಭಾರ ಹೊತ್ತು ಬಂದು ಕಟ್ಟೆಗೆ ಒರಗಿ ಉಸಿರು ಬಿಡುವ ರೀತಿಯೇ ಅದು. ಆಮೇಲೆ ನೆಟ್ಟಗೆ ಹೋಗಿ ನಿನ್ನೆ ತಾನು ಕೆಡವಿದ ಅದೇ ಪ್ರತಿಮೆಯನ್ನು ಎತ್ತಿ ನಿಲ್ಲಿಸಿದಳು. ಪಿ.ಟಿ. ಸರ್ ಶಿಳ್ಳೆ ಹೊಡೆದರು, ರೆಫರಿ ತಿರುಗಿ ನೋಡಿದರು. ಒಂದೇ ಬಿಲ್ಲೆ ಹೋಗಿತ್ತು. ಹಡಗಿನ ಮರಳು ತೆಗೆಯಲು ಹೋಗುವ ದಾರಿಯಲ್ಲಿ ಸಮಯ ಮುಗಿಯಿತು. 215.

ಮುಂದಿನ ಹಂತಕ್ಕೆ ನಮ್ಮ ಹೆಸರು ಬರಲಿಲ್ಲ. ನಮಗಿಂತ ಎರಡು ಪಟ್ಟು ಅಂಕ ತೆಗೆದವರು ಇದ್ದರು, ಅವರ ರೋಬೋಟುಗಳನ್ನು ನೋಡಿದರೆ ಅದು ನ್ಯಾಯವೇ. ಪಿನ್ನು ಕೊಟ್ಟ ಹುಡುಗಿಯ ತಂಡ ಗೆದ್ದವರಲ್ಲಿತ್ತು. ನಮ್ಮವರು ಚಪ್ಪಾಳೆ ಹೊಡೆದ ಜೋರಿಗೆ ಆ ತಂಡದವರೇ ತಿರುಗಿ ನೋಡಿದರು. ವೇದಿಕೆಯಿಂದ ಇಳಿದು ಬರುವಾಗ ನಡುವೆ ಕೂತಿದ್ದ ಹಿರಿಯ ತೀರ್ಪುಗಾರರು ಮೌನಿಯನ್ನು ನಿಲ್ಲಿಸಿ ಆ ಊರಿನ ಹೆಸರು ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಪ್ರಮಾಣಪತ್ರದಲ್ಲಿ ಶಾಲೆಯ ಹೆಸರನ್ನು ತಪ್ಪಾಗಿ ಬರೆದಿದ್ದರು. ತಿದ್ದಿಸಲು ನಿಂತಿದ್ದರೆ ಕೊನೆಯ ಸಿಟಿ ಬಸ್ಸು ತಪ್ಪುತ್ತಿತ್ತು.

ಭಾನುವ‍ಾರ

ಪಿ.ಟಿ. ಸರ್ ಎರಡು ಕಿಲೋ ಕುಂದಾ ಕೊಂಡರು, ಗೋಕಾಕ ತಲುಪುವ ಮೊದಲೇ ಅರ್ಧ ಕಿಲೋ ಮಾಯ. ಅಲ್ಲಿ ಇಳಿದು ಫಾಲ್ಸ್ ನೋಡಿಕೊಂಡೇ ಹೋಗೋಣ ಎಂದು ಮಕ್ಕಳ ಹಟ. ಮಳೆಗಾಲದಲ್ಲಿ ಘಟಪ್ರಭೆ ಇಲ್ಲಿ 52 ಮೀಟರ್ ಕೆಳಗೆ ಕೆಂಪಗೆ ಧುಮುಕುತ್ತದೆ. ಈಗ ಬಂಡೆಯ ಮೈಮೇಲೆ ಒಂದೆರಡು ಬಿಳಿ ದಾರ ಅಷ್ಟೇ. ಗದ್ದಲನಿಗೆ ನಿರಾಸೆ. ಆದರೆ ನೀರು ಇಲ್ಲದಾಗಲೇ ಬಂಡೆಯ ಪದರುಗಳು ಚೆನ್ನಾಗಿ ಕಾಣುತ್ತವೆ. 1880ರ ದಶಕದಲ್ಲೇ ಈ ನೀರಿನ ಬಲದಿಂದ ನೂಲಿನ ಗಿರಣಿ ಓಡಿಸಿದ ಜಾಗ ಇದು. ಅದನ್ನು ಹೇಳಿದಾಗ ಜಕಾರ್ಡ್ "ಕರೆಂಟ್ ಬಿಲ್ ಇಲ್ಲದ ಮಗ್ಗ ಅಂತ ಅಪ್ಪಗ ಹೇಳ್ತೀನಿ" ಎಂದಳು. ಅವರ ಮನೆಯಲ್ಲಿ ಆ ವಿಷಯ ಸಣ್ಣದಲ್ಲ.

ಅಪ್ಪನಿಗೆಂದು ಕರದಂಟು ಕಟ್ಟಿಸಿಕೊಂಡಳು. ಬನಹಟ್ಟಿಯ ಬಸ್ಸಿನಲ್ಲಿ ಬೇರೆ ಕಂಡಕ್ಟರ್. ಪೆಟ್ಟಿಗೆಯ ಕಡೆ ನೋಡಲೂ ಇಲ್ಲ.

ಸೋಮವಾರ

ಪ್ರವಾಸ ಮುಗಿದಿತ್ತು, ಆದರೂ ಇದನ್ನು ಇಲ್ಲೇ ಬರೆಯಬೇಕು. ಪ್ರಾರ್ಥನೆ ಮುಗಿದ ಕೂಡಲೇ ಲ್ಯಾಬಿಗೆ ಹೋದರೆ ಐವರೂ ಆಗಲೇ ಅಲ್ಲಿದ್ದರು. ಸ್ಕ್ರೂ ಯಾರೋ ಗೌಂಡಿಯಿಂದ ರಸಮಟ್ಟ ಇಸಿದುಕೊಂಡು ಬಂದಿದ್ದ. ಟೇಬಲ್ ಮೇಲೆ ಇಟ್ಟಿದ್ದರು. ಗುಳ್ಳೆ ನಡುವಿನ ಎರಡು ಗೆರೆ ಬಿಟ್ಟು ಕಿಟಕಿಯ ಕಡೆಯ ತುದಿಗೆ ಹೋಗಿ ಕೂತಿತ್ತು. ಎಷ್ಟು ನಾಚಿಕೆಯಾಗಬೇಕೋ ಅಷ್ಟು ನನಗೆ ಆಯಿತು.

ಸ್ಕ್ರೂ ರಟ್ಟು ಮಡಚಿ ಬಾಗಿಲ ಕಡೆಯ ಕಾಲಿನ ಕೆಳಗೆ ತುರುಕಲು ಬಗ್ಗಿದ. ಜಕಾರ್ಡ್ ಅವನ ಕೈ ಹಿಡಿದಳು.

"ಬಿಡೋ. ವಾರೀನ ಇರಲಿ."

"ಯಾಕ? ಅದಕ್ಕಲಾ ಸೋತಿದ್ದು?"

"ಮಟ್ಟ ಇದ್ದಲ್ಲಿ ಯಾರರ ನಡೀತಾರ. ಜೈರೋ ಹಾಕೀವಲ್ಲ, ಈಗ ಇಲ್ಲೂ ನೆಟ್ಟಗ ಹೋಗಬೇಕು ಅಕಿ. ಇಲ್ಲೂ ಹೋಗಬೇಕು, ಅಲ್ಲೂ ಹೋಗಬೇಕು."

"ಅರ್ಧ ದಿನ ಮಟ್ಟ, ಅರ್ಧ ದಿನ ವಾರಿ ಇಡೂಣು" ಎಂದಳು ಲೆಕ್ಕ.

"ರಟ್ಟು ಇಟ್ಟು ತಗದು ಇಟ್ಟು ತಗದು ಮಾಡೂದು ಯಾರು? ನಾನೇನು?" ಎಂದ ಸ್ಕ್ರೂ.

ಮೌನಿ ಏನೂ ಅನ್ನದೆ ಗುಬ್ಬಿಯನ್ನು ಗೆರೆಯೊಳಗೆ ಇಟ್ಟು ಗುಂಡಿ ಒತ್ತಿದ. ಅವಳು ಹೊರಟಳು, ಗೋಡೆಗೆ ಬೆನ್ನು ಕೊಟ್ಟಳು, ನಿಂತಳು. ಜಗಳ ಅಷ್ಟಕ್ಕೇ ನಿಂತು ಎಲ್ಲರೂ ಟೇಬಲಿನ ಅಂಚಿಗೆ ಗದ್ದ ಊರಿದರು.